ಬಣ್ಣ ಕೆರೆದ ಮೇಜಿನ ಕಾಲು

"ಅದನ್ನ ಮುಟ್ಟಬೇಡಿ!"

ಗಡಸು ದನಿಗೆ, ಚಿಪ್ಪಿನತ್ತ ಚಾಚಿದ್ದ ಸಂಶೋಧಕಿಯ ಕೈ ಗಾಳಿಯಲ್ಲೇ ನಿಂತಿತು. ಬಾಗಿಲಲ್ಲಿದ್ದವನು ಪ್ರಯೋಗಾಲಯದ ಹೊಸ ಮೆಕ್ಯಾನಿಕ್. ಓದು ಅರ್ಧಕ್ಕೆ ಬಿಟ್ಟವನು, ಮೂಗಿನ ತುದಿಯಲ್ಲೇ ಕೋಪ.

ಮೈಯ ಕರೆಂಟು ಒಂದು ಕಿಡಿ ಹಾರಿದರೂ ಚಿಪ್ ಸಾಯುತ್ತದೆ, ಮಣಿಕಟ್ಟಿಗೆ ಪಟ್ಟಿ ಕಟ್ಟಿ ಅದರ ತಂತಿಯನ್ನು ಕಬ್ಬಿಣಕ್ಕೆ ಸಿಕ್ಕಿಸಿ, ಕರೆಂಟು ಅದರ ಮೂಲಕ ಇಳಿದುಹೋಗುತ್ತದೆ ಎಂದ.

ಇವನಿಂದ ನಾನು ಕಲಿಯಬೇಕೇ...? ಉರಿಯುತ್ತಲೇ ಪಟ್ಟಿ ಕಟ್ಟಿ, ಕ್ಲಿಪ್ಪನ್ನು ಮೇಜಿನ ಕಾಲಿಗೆ ಸಿಕ್ಕಿಸಿದಳು.

ಅವಳ ಮೂರು ವರ್ಷ ಆ ಚಿಪ್ಪಿನಲ್ಲಿತ್ತು. ಎರಡು ಆಕ್ಸೈಡ್ ಪದರಗಳ ನಡುವೆ, ಕೂದಲಿಗಿಂತ ಸಾವಿರ ಪಾಲು ಸಣ್ಣ ದಾರಿ. ಕಡು ಚಳಿಯಲ್ಲಿ ಅಲ್ಲಿ ಕರೆಂಟು ಒಂದಿಷ್ಟೂ ತಡೆಯಿಲ್ಲದೆ ಹರಿಯಬೇಕು. ವೋಲ್ಟೇಜಿನ ತಿರುಪು ತಿರುಗಿಸಿದರೆ ಆ ಗುಣ ಹೋಗಬೇಕು, ಮತ್ತೆ ಬರಬೇಕು. ತಿಂಗಳೊಳಗೆ ಅದನ್ನು ತೋರಿಸದಿದ್ದರೆ ಅವಳ ಸಂಶೋಧನೆಗೆ ಬೀಗ.

ಸೋಮವಾರ ನೋಡಿದರೆ, ಕಡು ಚಳಿಯ ಯಂತ್ರದೊಳಗೆ ಚಿಪ್ ಸತ್ತಿತ್ತು. ಅವಳು ಅವನ ಮೇಲೆ ಹರಿಹಾಯ್ದಳು.

"ಯಂತ್ರಕ್ಕೆ ಇಳಿಸಿದ್ದು ನೀವೇ ಅಲ್ವಾ? ಓದಿದ್ರೆ ಅದರ ಬೆಲೆ ಗೊತ್ತಾಗ್ತಿತ್ತು."

ಅವನ ಕಣ್ಣು ಮೇಜಿನ ಕಾಲಿನ ಕ್ಲಿಪ್ಪಿನ ಮೇಲೆ ನಿಂತಿತು. ತಿರುಗಿ ಹೊರಟುಹೋದ.

ಮರುದಿನ, ಉಳಿದಿದ್ದ ಒಂದೇ ಒಂದು ಚಿಪ್ ಹಿಡಿದು ಬಂದವಳು ಮೇಜಿನ ಬಳಿ ಬೆಚ್ಚಿ ನಿಂತಳು. ಕಾಲಿನ ಹಸಿರು ಬಣ್ಣವನ್ನು ಯಾರೋ ಅಂಗೈಯಗಲ ಕೆರೆದಿದ್ದರು. ಒಳಗೆ ಹೊಳೆಯುವ ಕಬ್ಬಿಣ.

ಅಯ್ಯೋ... ನಾನು ಸಿಕ್ಕಿಸಿದ್ದು ಬಣ್ಣದ ಮೇಲೆ. ಬಣ್ಣ ಕರೆಂಟನ್ನು ಹರಿಯಬಿಡುತ್ತದೆಯೇ? ಚಿಪ್ ಕೊಂದವಳು ನಾನೇ!

ಅವನನ್ನು ಹುಡುಕಿ, ಯಂತ್ರದ ಪಂಪಿರುವ ಕೋಣೆಗೆ ಓಡಿದಳು. ಅವನ ಉಗುರಿನ ಸಂದಿಯಲ್ಲಿ ಅದೇ ಹಸಿರು.

"ತಪ್ಪು ನನ್ನದು ಅಂತ ಯಾಕೆ ಹೇಳ್ಲಿಲ್ಲ?"

"ಬಾಯಿ ಬಿಟ್ಟಿದ್ರೆ ಬೈದೇಬಿಡ್ತಿದ್ದೆ. ನೀವು ಆಗ್ಲೇ ಅಳೋ ಹಾಗಿದ್ರಿ. ಜಗಳಕ್ಕೆ ಕಾಲು ಕೆರೆಯೋ ಬದಲು ಮೇಜಿನ ಕಾಲು ಕೆರೆದೆ."

ನಗುತ್ತಲೇ ಅವಳ ಕಣ್ಣು ತುಂಬಿತು. ಕ್ಷಮೆ ಕೇಳಿದಳು. ಮಣಿಕಟ್ಟು ಮುಂದೆ ಚಾಚಿ, ಈ ಸಲ ಪಟ್ಟಿ ನೀವೇ ಕಟ್ಟಿ ಎಂದಳು.

ಆಮೇಲಿನ ಮೂರು ವಾರ ಇಬ್ಬರೂ ಒಟ್ಟಿಗೇ ದುಡಿದರು. ಪಂಪಿನ ಸದ್ದಿಗೆ ಕಿವಿಗೊಟ್ಟೇ ಅವನು ಸೋರಿಕೆ ಹಿಡಿಯುವುದನ್ನು ಅವಳು ಬೆರಗಾಗಿ ನೋಡುತ್ತಿದ್ದಳು. ಯಾವ ಪುಸ್ತಕದಲ್ಲಿದೆ ಈ ವಿದ್ಯೆ...?

ಕೊನೆಯ ದಿನ ಪರದೆಯ ಮೇಲೆ ತಡೆಯ ಅಂಕಿ ಇಳಿದು ಇಳಿದು ಸೊನ್ನೆಗೆ ನಿಂತಿತು. ತಿರುಪಿನ ಮೇಲೆ ಅವನ ಕೈ ಇಡಿಸಿದಳು. ತಿರುಗಿಸಿದ, ಅಂಕಿ ಎದ್ದಿತು. ಹಿಂದಕ್ಕೆ ತಿರುಗಿಸಿದ, ಮತ್ತೆ ಸೊನ್ನೆ!

"ಎಷ್ಟು ಚೆಂದ..." ಅವನು ಪರದೆಯತ್ತ ಬಾಗಿದ. "ಗೆದ್ರಿ ಮೇಡಂ."

"ಗೆದ್ವಿ ಅನ್ನಿ. ಇನ್ಮುಂದೆ ಎಲ್ಲಾದ್ರಲ್ಲೂ ಹಾಗೇ ಅನ್ನೋ ಆಸೆ ನಂಗೆ. ನಿಮಗೆ...?"

ಅವನು ತಿರುಪಿನಿಂದ ಕೈ ತೆಗೆದ.

"ನಂಗೆ ಕೋಪ ಜಾಸ್ತಿ."

"ಇರಲಿ. ಮನೇಲೂ ಒಂದು ಮೇಜಿದೆ, ಅದಕ್ಕೂ ನಾಲ್ಕು ಕಾಲಿದೆ."

ಅವನು ಮೊದಲ ಬಾರಿ ಬಾಯ್ತುಂಬ ನಕ್ಕ.

"ಹಾಗಾದ್ರೆ ಮೇಡಂ ಅನ್ನೋದನ್ನ ಇವತ್ತಿಂದ ಬಿಟ್ಟೆ."