ಪುಡಿಯ ಮೇಲಿನ ಗೆರೆ

ಟಿಣ್.

ಸ್ಟೀಲ್ ಲೋಟಕ್ಕೆ ಚಮಚ ತಗಲಿದ ಸದ್ದು. ಅಡುಗೆಮನೆಯಿಂದ ಬಂತು. ಹೊರಗೆ ಸಕ್ಕರೆ ಕಾರ್ಖಾನೆಯ ಕಡೆ ಕಬ್ಬಿನ ಲಾರಿಯೊಂದು ತಿಣುಕುತ್ತ ಹೋಗುತ್ತಿತ್ತು. ಅವ್ವ ಮಗುವಿಗೆ ಹಾಲು ಕಲಸುತ್ತಿದ್ದಾಳೆ, ನಾನು ಏಳಬೇಕಾಗಿಲ್ಲ. ಮಗ್ಗುಲಾದೆ. ನಿದ್ದೆ ಬಂತು.

ಬೆಳಿಗ್ಗೆ ಹಾಲಿನ ಪುಡಿಯ ಡಬ್ಬಿಯ ಮುಚ್ಚಳ ತೆಗೆದಾಗ ಆ ನಿದ್ದೆಯ ಸುಖವೆಲ್ಲ ಇಳಿದುಹೋಯಿತು.

ಹಿಂದಿನ ಸಂಜೆ ಕೊನೆಯ ಬಾಟಲಿ ಕಲಸಿದ ಮೇಲೆ, ಡಬ್ಬಿ ಇನ್ನೆಷ್ಟು ದಿನ ಬರುತ್ತದೆಂದು ನೋಡಲು ಪುಡಿಯನ್ನು ಚಾಕುವಿನಿಂದ ಸವರಿ ಸಮ ಮಾಡಿದ್ದೆ. ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳಿಕೊಡುವವಳು ನಾನು. ಯಾವ ಅಳತೆಯನ್ನೂ ಹಾಗೇ ಬಿಟ್ಟು ಅಭ್ಯಾಸವಿಲ್ಲ. ಚಾಕುವಿನ ತುದಿ ಎಳೆದಿದ್ದ ಗೆರೆ ಈಗಲೂ ಹಾಗೇ ಇತ್ತು. ಡಬ್ಬಿಯ ಈ ಅಂಚಿನಿಂದ ಆ ಅಂಚಿಗೆ. ಒಂದು ಚೂರೂ ಕೆಟ್ಟಿರಲಿಲ್ಲ.

ಅಂದರೆ ರಾತ್ರಿ ಈ ಡಬ್ಬಿಯಿಂದ ಯಾರೂ ಪುಡಿ ತೆಗೆದಿಲ್ಲ.

ಆದರೆ ಬಾಟಲಿ ತೊಳೆದು ಬೋರಲು ಹಾಕಿತ್ತು. ಮಗು ಹೊಟ್ಟೆ ತುಂಬಿದ ಮುಖ ಮಾಡಿಕೊಂಡು ಮಲಗಿತ್ತು.

ಹಾಗಾದರೆ ಇಷ್ಟು ರಾತ್ರಿಗಳಿಂದ ನನ್ನ ಮಗು ಕುಡಿಯುತ್ತಿರುವುದೇನು?

* * *

ಹೆರಿಗೆಯಾಗಿದ್ದು ಮಂಡ್ಯದಲ್ಲಿ, ಆಪರೇಷನ್ ಮಾಡಿ. ಬಾಣಂತನಕ್ಕೆ ಭಾರತೀನಗರದ ತವರಿಗೆ ಬಂದೆ. ಎದೆಗೆ ಹಾಕಿಕೊಂಡರೆ ಮಗು ಚೀರಿ ಮುಖ ತಿರುಗಿಸುತ್ತಿತ್ತು. ರಾತ್ರಿಯೆಲ್ಲ ಏಳುತ್ತಿತ್ತು. ಹಲಗೂರಿನಿಂದ ನೋಡಲು ಬಂದ ಅತ್ತೆ, "ನಾಗಶ್ರೀಗೆ ಹಾಲೇ ಇಲ್ಲ ಬುಡಿ" ಎಂದು ತೀರ್ಪು ಕೊಟ್ಟು ಬಸ್ಸು ಹತ್ತಿದರು. ನಾನೂ ನಂಬಿದೆ.

ಡಾಕ್ಟರು ಮಾತ್ರ, "ಎದೆಹಾಲು ಕೊಡೋದು ಬಿಡಬೇಡಿ. ಸಾಲದ್ದಕ್ಕೆ ಪುಡಿ ಹಾಲು ಕೊಡಿ, ತಪ್ಪೇನಿಲ್ಲ" ಎಂದರು. ಯಾವ ಪುಡಿ? ಆರಿಸುವ ಕೆಲಸ ನನ್ನ ಗಂಡ ರವಿಚಂದ್ರ ಅವರದಾಯಿತು. ಮಳವಳ್ಳಿಯಲ್ಲಿ ಹೈಸ್ಕೂಲ್ ಮೇಷ್ಟ್ರು. ಮದ್ದೂರಿನಲ್ಲಿ ಜಹಾಂಗೀರ್ ಅವರ ಮೆಡಿಕಲ್ ಸ್ಟೋರಿನಿಂದ ಒಂದು ಡಬ್ಬಿ ತಂದರು. ಅವತ್ತೇ ಅವ್ವ, "ರಾತ್ರಿ ನಾ ನೋಡ್ಕತೀನಿ, ನೀ ಮನಿಕ್ಕೊ" ಎಂದಳು. ಅವತ್ತಿನಿಂದಲೇ ಮಗು ನಿದ್ದೆ ಮಾಡತೊಡಗಿತು.

ಎಲ್ಲರೂ ಡಬ್ಬಿಯನ್ನು ಹೊಗಳಿದರು. ನಾನೂ ಹೊಗಳಿದೆ.

* * *

ಅವ್ವನನ್ನು ನೇರವಾಗಿ ಕೇಳಲಿಲ್ಲ. ಕೇಳಿದರೆ ಎರಡು ಮಾತಿನಲ್ಲಿ ನನ್ನ ಬಾಯಿ ಮುಚ್ಚಿಸುತ್ತಾಳೆ. ಮೊದಲು ಸಾಕ್ಷಿ ಬೇಕು.

ಬಾಟಲಿ ಒದ್ದೆಯಾಗಿತ್ತು. ಆದರೆ ನಾನು ಸಂಜೆ ಕುದಿಸಿ ಮುಚ್ಚಿಟ್ಟ ನಿಪ್ಪಲ್ಲು ಡಬರಿಯಲ್ಲಿ ಇಟ್ಟಲ್ಲೇ ಇತ್ತು. ಒಣಗಿತ್ತು. ಬಾಟಲಿಯನ್ನು ನನಗೆ ತೋರಿಸಲೆಂದೇ ಅವ್ವ ಒದ್ದೆ ಮಾಡಿದ್ದಾಳೆ!

ಬಾಟಲಿಯಲ್ಲಲ್ಲದೆ ಇನ್ನು ಯಾವುದರಲ್ಲಿ? ಒಳಲೆ ನೆನಪಾಯಿತು. ನಾನು ಕೂಸಾಗಿದ್ದಾಗ ನನಗೆ ಹಾಲು ಹುಯ್ದಿದ್ದ, ಮೂತಿಯಿರುವ ಪುಟ್ಟ ಬೆಳ್ಳಿ ಒಳಲೆ. ಅವ್ವ ಅದರಲ್ಲಿ ಹಸುವಿನ ಹಾಲು ಹುಯ್ಯುತ್ತಿದ್ದಾಳೆಯೇ? ಇಷ್ಟು ಎಳೆ ಮಗುವಿಗೆ ಅದು ಕೂಡದೆಂದು ಡಾಕ್ಟರು ಬೆರಳು ಆಡಿಸಿ ಹೇಳಿದ್ದರು.

ಹಾಲು ಹಾಕಲು ಬಂದ ಕೆಂಪಸಿದ್ದಯ್ಯನನ್ನು ಜಗುಲಿಯಲ್ಲೇ ತಡೆದೆ.

"ಮಾವ, ಅವ್ವ ಈಚೆಗೆ ಜಾಸ್ತಿ ಹಾಲು ತಗತಾವ್ಳಾ?"

"ಎಲ್ಲಿ ತಗತಾಳೆ ಕಣವ್ವ, ಅದೇ ಅರ್ಧ ಲೀಟ್ರು. ಅದುಕ್ಕೂ ನೀರು ಬೆರ್ಸಿದ್ದೀಯ ಅಂತ ಬಯ್ತಾಳೆ."

ಅವ್ವನ ಪೆಟ್ಟಿಗೆ ತೆಗೆದೆ. ಒಳಲೆ ಹಳೇ ಪಂಚೆಯಲ್ಲಿ ಸುತ್ತಿಕೊಂಡಿತ್ತು. ಕಪ್ಪು ಹಿಡಿದಿತ್ತು. ವರ್ಷಗಳಿಂದ ಯಾರೂ ಮುಟ್ಟಿಲ್ಲ.

ಅಷ್ಟರಲ್ಲಿ ತೇಯುವ ಕಲ್ಲು ಕಂಡಿತು. ಮೇಲೆ ಹಸಿ ಕಲೆ. ಮಕ್ಕಳು ಮಲಗಲೆಂದು ಜಾಯಿಕಾಯಿ ತೇಯ್ದು ನೆಕ್ಕಿಸುವವರಿದ್ದಾರೆ. ಬೆರಳಿಗೆ ಹಚ್ಚಿ ಮೂಸಿದೆ. ಶುಂಠಿ. ಹಿತ್ತಿಲಲ್ಲಿದ್ದ ಅವ್ವನತ್ತ ನೋಡಿದೆ. ಹಣೆಯ ಮೇಲೆ ಶುಂಠಿಯ ಪಟ್ಟು ಒಣಗಿತ್ತು. ನಿದ್ದೆಗೆಟ್ಟವಳ ತಲೆನೋವು.

ಕೊನೆಗೆ ಜಹಾಂಗೀರ್ ಅವರಿಗೆ ಫೋನ್ ಮಾಡಿದೆ.

"ನಮ್ಮವ್ವ ನಿಮ್ಮ ಅಂಗಡೀಲಿ ಮಗುವಿಗೆ ಅಂತ ಏನಾದ್ರೂ ಸಿರಪ್ ತಗೊಂಡ್ರಾ?"

"ಇಲ್ಲಕ್ಕ. ಯಾಕೆ, ಡಬ್ಬಿ ಆಗಿ ಬರಲಿಲ್ವಾ? ನಿಮ್ಮ ಮೇಷ್ಟ್ರು ಕನ್ನಡಕ ಹಾಕ್ಕೊಂಡು ಅಂಗಡೀಲಿದ್ದ ಡಬ್ಬೀನೆಲ್ಲ ಓದಿದ್ರು. ನಾನು ಕುರ್ಚಿ ಹಾಕ್ದೆ. ಟೀನೂ ಕುಡಿಸ್ದೆ."

ಹಸುವಿನ ಹಾಲಿಲ್ಲ. ಜಾಯಿಕಾಯಿ ಇಲ್ಲ. ಸಿರಪ್ ಇಲ್ಲ. ಹಾಗಾದರೆ?

* * *

ಉತ್ತರ ಬಚ್ಚಲುಮನೆಯಲ್ಲಿ ಸಿಕ್ಕಿತು.

ನೀರು ಕಾದಿತ್ತು. ನೈಟಿಯ ಗುಂಡಿ ಬಿಚ್ಚಲು ಹೋದೆ. ಒಂದು ಗುಂಡಿ ತಪ್ಪು ಕಾಜಕ್ಕೆ ಸೇರಿಕೊಂಡಿತ್ತು. ನಾನು ಹಾಗೆ ಹಾಕುವವಳಲ್ಲ. ಬಿಚ್ಚಿ ನೋಡಿದೆ. ಎದೆಯ ಮೇಲೆ ಕರ್ರಗೆ ಒಂದು ಕಲೆ. ಉಜ್ಜಿದರೆ ಬೆರಳಿಗೆ ಅಂಟಿತು.

ಕಾಡಿಗೆ.

ನಾನು ಕಾಡಿಗೆ ಹಚ್ಚುವುದಿಲ್ಲ. ಮನೆಯಲ್ಲಿ ಕಾಡಿಗೆ ಇರುವುದು ಒಂದೇ ಕಡೆ, ಮಗುವಿನ ಕೆನ್ನೆಯ ಮೇಲೆ. ರಾತ್ರಿ ಮಲಗಿಸುವ ಮುನ್ನ ಅವ್ವ ದೃಷ್ಟಿಬೊಟ್ಟು ಇಡುತ್ತಾಳೆ. ಬೊಟ್ಟು ಇಟ್ಟ ಮೇಲೆ ನಾನು ಮಗುವನ್ನು ಎತ್ತಿಕೊಂಡೇ ಇಲ್ಲ. ಆಪರೇಷನ್ ನೋವಿಗೆಂದು ಕೊಟ್ಟಿದ್ದ, ಮಂಪರು ಬರಿಸುವ ಮಾತ್ರೆ ನುಂಗಿ ಮಲಗಿದ್ದೆ.

ಬೆಳಿಗ್ಗೆ ಹೊತ್ತು ಬೊಟ್ಟು ಅಳಿಸಿರುತ್ತಿತ್ತು. ಅವ್ವ ಬಾಯಿ ಒರೆಸುವಾಗ ಅಳಿಸಿರಬೇಕು ಎಂದುಕೊಂಡಿದ್ದೆ.

ಮಣೆಯ ಮೇಲೆ ಕೂತುಬಿಟ್ಟೆ.

* * *

"ಅವ್ವ, ರಾತ್ರಿ ಮಗೂಗೆ ಏನು ಕುಡಿಸ್ದೆ?"

"ನಿನ್ ಗಂಡ ತಂದ ಪುಡಿಯ."

"ಪುಡಿ ಮೇಲೆ ನಾನು ಎಳೆದ ಗೆರೆ ಹಂಗೇ ಇದೆ."

ಅವ್ವ ಮಗುವಿನ ಬಟ್ಟೆ ಮಡಿಸತೊಡಗಿದಳು. ನಾನು ಬಿಡಲಿಲ್ಲ. "ನಿಪ್ಪಲ್ಲು ಒಣಗಿದೆ. ಒಳಲೆ ಪೆಟ್ಟಿಗೇಲಿದೆ. ನನ್ನ ಗುಂಡಿ ತಪ್ಪಾಗಿದೆ. ಮಗೂ ಕೆನ್ನೆ ಕಾಡಿಗೆ ನನ್ನ ಎದೆ ಮೇಲಿದೆ."

ಅವ್ವ ನನ್ನ ಮುಖವನ್ನೇ ನೋಡಿದಳು. ಆಮೇಲೆ ನಕ್ಕುಬಿಟ್ಟಳು.

"ನಿನ್ನ ಪೋಲೀಸ್ ಸ್ಟೇಸನ್ನಿಗೆ ಸೇರುಸ್ಬೇಕಿತ್ತು ಕಣಮ್ಮಿ, ಕಾಲೇಜಿಗಲ್ಲ."

"ಹೇಳವ್ವ."

"ಮೊದಲ್ನೆ ರಾತ್ರಿ ನೀರು ಕಾಯ್ಸಮ ಅಂತ ಒಲೆ ಅಂಟಿಸ್ದೆ. ಗ್ಯಾಸು ಖಾಲಿ. ಮೊಗ ನೋಡುದ್ರೆ ಒಂದೇ ಸಮ್ನೆ ಅರಚ್ಕತಾ ಅದೆ. ನೀನು ಕೊರಡಿನಂಗೆ ಮನಗಿದ್ದೆ. ಏನ್ಮಾಡನೆ? ನಿನ್ ಪಕ್ಕಕ್ಕೆ ಹಾಕಿ ಕೈಯಾಗೆ ಹಿಡ್ಕಂಡು ಕೂತೆ. ಗುಟುಗುಟು ಕುಡ್ದು ಮನಿಕತು. ನಂಗೇ ನಂಬಕಾಗ್ಲಿಲ್ಲ."

"ಮಾರನೆ ದಿನ ಸಿಲಿಂಡರ್ ಬಂತಲ್ಲ?"

"ಬಂತು. ಚೆಂದಾಗಿ ಕುಡಿಯೋ ಮೊಗೀನ ಯಾಕೆ ಬಿಡ್ಸನೆ?"

"ಚಮಚದ ಸದ್ದು?"

"ಬರೀ ಲೋಟ ಅಲ್ಲಾಡಿಸ್ತಿದ್ದೆ. ಆ ಸದ್ದು ಕೇಳ್ದಿದ್ರೆ ನೀ ಮನಗ್ತಿದ್ದಾ?"

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳುದ್ರೆ ಎದ್ದು ಕುಂತು ಮೊಬೈಲು ಹಿಡ್ಕತಿದ್ದೆ. ಎಷ್ಟು ಹೊತ್ತು ಕುಡೀತು, ಯಾವ ಕಡೆ ಕುಡೀತು ಅಂತ. ಹಗಲೆಲ್ಲ ಅದೇ ತಾನೆ? ನೀ ಮೈ ಬಿಗಿ ಹಿಡ್ದು ಕೂತ್ರೆ ಅದೂ ಕಿರುಚ್ಕತದೆ." ಅವ್ವನ ದನಿ ತಗ್ಗಿತು. "ತಪ್ಪಾಯ್ತೇನಮ್ಮಿ?"

ನನಗೆ ಅಳು ಬಂದಿತ್ತು. ಇಷ್ಟು ದಿನ ನನ್ನಲ್ಲಿ ಇಲ್ಲವೆಂದುಕೊಂಡಿದ್ದನ್ನು ಮಗು ರಾತ್ರಿ ರಾತ್ರಿ ಕುಡಿದು ಬೆಳೆಯುತ್ತಿತ್ತು.

ಆದರೂ ನನ್ನ ಸ್ವಭಾವ ಬಿಡಬೇಕಲ್ಲ. ಮಾತ್ರೆಯ ವಿಷಯ ಮಂಡ್ಯದ ಡಾಕ್ಟರಿಗೆ ಫೋನ್ ಮಾಡಿ ವಿಚಾರಿಸಿದೆ. "ಆ ಮಾತ್ರೆಯಿಂದ ಮಗುವಿಗೆ ತೊಂದರೆ ಇಲ್ಲ. ಆದರೆ ಮಂಪರಿನಲ್ಲಿ ಮಗುವನ್ನು ಪಕ್ಕ ಹಾಕಿಕೊಳ್ಳಬೇಡಿ, ಎದ್ದು ಕೂತು ಕುಡಿಸಿ" ಎಂದರು. ಅವತ್ತು ರಾತ್ರಿಯಿಂದ ಎದ್ದೇ ಕುಡಿಸಿದೆ. ಅವ್ವ ಮೊಬೈಲನ್ನು ಅಕ್ಕಿ ಡಬ್ಬದಲ್ಲಿ ಬಚ್ಚಿಟ್ಟು, ಪಕ್ಕದಲ್ಲಿ ಕೂತು ಊರವರ ಮೇಲೆಲ್ಲ ಚಾಡಿ ಹೇಳಿದಳು. ಕೇಳುತ್ತ ಕೇಳುತ್ತ ನಾನು ನಕ್ಕೆ. ಮಗು ಮುಖ ತಿರುಗಿಸಲಿಲ್ಲ.

* * *

ಭಾನುವಾರ ರವಿಚಂದ್ರ ಬಂದರು. ಬ್ಯಾಗಿನಲ್ಲಿ ಇನ್ನೊಂದು ಡಬ್ಬಿ. ಮಗುವಿನ ತೊಡೆ ಹಿಡಿದು ನೋಡಿ ಅರಳಿಹೋದರು.

"ನೋಡಿದ್ಯಾ ನಾಗು, ಹೆಂಗೆ ಗುಂಡಗಾಗಿದಾನೆ! ಅಷ್ಟು ಹೊತ್ತು ನಿಂತು ಓದಿ ಆರಿಸಿದ್ದು ಸುಮ್ನೇನಾ? ಹಲಗೂರಿಗೂ ಫೋನ್ ಮಾಡಿ ಹೇಳ್ದೆ. ಅಮ್ಮ 'ಇನ್ನು ಚಿಂತೆ ಇಲ್ಲ ಬುಡು' ಅಂದ್ಲು."

ಅವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ಎದ್ದುಹೋದಳು.

ಹೇಳಿಬಿಡಲೇ? ಹೇಳಿದರೆ ಈ ಮುಖ ಬಾಡುತ್ತದೆ. ಅತ್ತೆ ಮೊದಲ ಬಸ್ಸಿಗೆ ಬಂದು ಎದುರಿಗೆ ಕೂತು, "ಎಲ್ಲಿ, ಕುಡ್ಸು ನೋಡಾನ" ಅನ್ನುತ್ತಾರೆ. ನನ್ನ ಮೈ ಮತ್ತೆ ಬಿಗಿಯುತ್ತದೆ. ಹಗಲಿನ ಒಂದೆರಡು ಬಾಟಲಿಗೆ ಈ ಪುಡಿ ಹೇಗೂ ಬೇಕು. ಯಾರಿಗೂ ಮೋಸವಾಗಿಲ್ಲ.

ಯಾರಿಗೂ ಹೇಳುವುದಿಲ್ಲ ಎಂದು ನಿಂತಲ್ಲೇ ತೀರ್ಮಾನಿಸಿದೆ. ಡಬ್ಬಿಯನ್ನು ಎರಡೂ ಕೈಯಲ್ಲಿ ಇಸಿದುಕೊಂಡೆ.

"ಒಳ್ಳೇ ಡಬ್ಬಿ ಕಣ್ರೀ," ಅಂದೆ.