ಚೂಟಿಯ ಹೊಟ್ಟೆಗೆ ಹೋದದ್ದು

ಸೋಮವಾರ ಬೆಳಗ್ಗೆ ಠಾಣೆಗೆ ಬಂದ ಮೊದಲ ದೂರು ಇಲಾಖೆಯವರದ್ದೇ ಆಗಿತ್ತು. ಶ್ವಾನದಳದ ಚೂಟಿ ಎಂಬ ಹೆಣ್ಣು ನಾಯಿಗೆ ಯಾರೋ ವಿಷ ಹಾಕಿದ್ದಾರೆ. ಶನಿವಾರ ರಾತ್ರಿಯಿಂದ ವಾಂತಿ ಮಾಡಿಕೊಂಡು ಈಗ ಅದು ಪಶು ಆಸ್ಪತ್ರೆಯಲ್ಲಿದೆ. ದೂರು ತಂದವನು ದಳದ ದಫೇದಾರ. ಚೂಟಿಯನ್ನು ಮರಿಯಿದ್ದಾಗಿನಿಂದ ಸಾಕಿ ಪಳಗಿಸಿದ ಕಾನ್‌ಸ್ಟೆಬಲ್ ಅವನ ಪಕ್ಕದಲ್ಲಿ ತಲೆ ತಗ್ಗಿಸಿ ನಿಂತಿದ್ದ. ವಾರವಿಡೀ ಬೈಕ್ ಕಳ್ಳರ ಹಿಂದೆ ಅಲೆದು ಸೋತಿದ್ದ ಇನ್‌ಸ್ಪೆಕ್ಟರ್ ಮೇಡಂ ಎಫ್‌ಐಆರ್ ದಾಖಲಿಸಿ ಹಣೆ ಚಚ್ಚಿಕೊಂಡರು.

“ಯಾರ ಮೇಲೆ ಅನುಮಾನ?”

“ಇನ್ಯಾರು ಮೇಡಂ, ಹಿಂದುಗಡೆ ಬೇಕರಿಯವನೇ. ನಾಯಿಗಳು ಬೊಗಳ್ತವೆ ಅಂತ ದಿನಾ ಕ್ಯಾತೆ ತೆಗೀತಾನೆ,” ಎಂದ ದಫೇದಾರ.

ಹತ್ತೂವರೆಗೆ ಪಂಚನಾಮೆಗೆಂದು ಹೋದರೆ ನಾಯಿಗೂಡು ಫಿನಾಯಿಲ್ ಕುಡಿದು ಲಕಲಕ ಹೊಳೆಯುತ್ತಿತ್ತು. ವಾಂತಿಯ ಮಾದರಿ ಇಲ್ಲ, ತಿಂದು ಉಳಿಸಿದ ಚೂರೂ ಇಲ್ಲ.

“ಯಾರು ತೊಳೆದದ್ದು?”

“ನಾನೇ ಮೇಡಂ. ವಾಸನೆ ಬರ್ತಿತ್ತು,” ಎಂದ ಕಾನ್‌ಸ್ಟೆಬಲ್.

“ಸಾಕ್ಷಿ ತೊಳೀಬಾರ್ದು ಅಂತ ಪೊಲೀಸರಿಗೂ ನಾನು ಪಾಠ ಮಾಡ್ಬೇಕೇನಯ್ಯಾ?”

ಬಂದ ತಪ್ಪಿಗೆ ಪಂಚರಿಬ್ಬರೂ ಫಿನಾಯಿಲ್ ವಾಸನೆಗೆ ಸಹಿ ಹಾಕಿ ಹೋದರು.

ಬೇಕರಿಯವನದು ಇನ್ನೊಂದು ತರಲೆ. ಮೊಣಕೈವರೆಗೆ ಮೈದಾ ಮೆತ್ತಿಕೊಂಡು, ವಿಚಾರಣೆಗೆ ಬಂದವರನ್ನೇ ಗದರಿಸುವ ಗತ್ತು.

“ಚಾಕೊಲೇಟ್ ನಾಯಿಗೆ ವಿಷ. ಹಾಕಿದ್ಯಾ?”

“ಅದರ ರೇಟ್ ಗೊತ್ತಾ ಮೇಡಂ? ನನ್ನ ಮಕ್ಕಳಿಗೇ ಕೊಡಲ್ಲ.”

“ಬೇರೆ ಏನಾದ್ರೂ?”

“ಹೋದ ತಿಂಗಳು ಒಂದು ಬನ್ ಎಸೆದೆ, ಬಾಯಿ ಮುಚ್ಕೊಳ್ಲಿ ಅಂತ. ಮೂಸಿ ಕೂಡ ನೋಡ್ಲಿಲ್ಲ. ಎಷ್ಟು ಕೊಬ್ಬು ಅಂತೀನಿ!”

“ಎಸೆದೆ ಅಂತ ಒಪ್ಕೊಂಡ ಮೇಡಂ!” ಎಂದು ದಫೇದಾರ ಅವನ ತೋಳು ಹಿಡಿದು ಜೀಪಿಗೆ ಹತ್ತಿಸಿಯೇ ಬಿಟ್ಟ. ಜೀಪು ಹೊರಟದ್ದೇ ತಡ, ಪಶುವೈದ್ಯರ ಫೋನು ಬಂತು.

“ಕಿಡ್ನಿ ಕೈಕೊಡ್ತಾ ಇದೆ ಮೇಡಂ. ಈರುಳ್ಳಿ ತಿಂದಿದ್ರೆ ರಕ್ತ ಕೊಡ್ಬೇಕಾಗ್ಬಹುದು, ಚಾಕೊಲೇಟ್ ಆದ್ರೆ ಹೃದಯ ನೋಡ್ಬೇಕು, ಇಲಿ ಪಾಷಾಣ ಆದ್ರೆ ದಾರಿನೇ ಬೇರೆ. ಊಹೆ ಮೇಲೆ ಎಷ್ಟೂಂತ ಮದ್ದು ಮಾಡ್ಲಿ? ಏನು ತಿಂತು ಅಂತ ಬೇಗ ಹೇಳಿ. ಇಲ್ಲಾಂದ್ರೆ ನಾಯಿ ಉಳಿಯಲ್ಲ.”

ಮೇಡಂ ಫೋನಿಟ್ಟು ಹಿಂದೆ ತಿರುಗಿದರು. “ಬನ್ ಯಾಕೆ ಮೂಸಲಿಲ್ಲ?”

ಉತ್ತರ ಕೊಟ್ಟವನು ದಫೇದಾರ, ಅದೂ ಎದೆಯುಬ್ಬಿಸಿ. “ನಮ್ಮ ನಾಯಿಗಳು ಬೇರೆಯವರು ಕೊಟ್ಟದ್ದು ಮುಟ್ಟಲ್ಲ ಮೇಡಂ! ಹಸಿದು ಸತ್ರೂ ಸರಿ. ಪಳಗಿಸಿದವರ ಕೈಯಿಂದ ಮಾತ್ರ ತಿನ್ನೋದು. ತರಬೇತಿನೇ ಹಾಗೆ.”

“ಜೀಪ್ ನಿಲ್ಸಿ. ದಫೇದಾರ್ರೇ, ಇದನ್ನ ಬೆಳಗ್ಗೆ ಹೇಳೋಕೆ ನಿಮ್ಮ ಬಾಯಿಗೆ ಬೀಗ ಹಾಕಿದ್ರಾ?”

“ನೀವು ಕೇಳ್ಲಿಲ್ಲ ಮೇಡಂ.”

ಬೇಕರಿಯವನನ್ನು ನಡುರಸ್ತೆಯಲ್ಲೇ ಇಳಿಸಿದರು. ಅವನು ಬೈದುಕೊಂಡು ನಡೆದ, ಬೈಯುವ ಹಕ್ಕೂ ಅವನಿಗಿತ್ತು.

ಜೀಪು ವಾಪಸ್ ಬಂದಾಗ ಕಾನ್‌ಸ್ಟೆಬಲ್ ಖಾಲಿ ಗೂಡಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ.

“ಚೂಟಿ ಕಿಡ್ನಿ ಹೋಗ್ತಾ ಇದೆ. ಏನು ತಿನ್ನಿಸಿದೆ?”

ಅವನ ಮುಖ ಬಿಳಿಚಿಕೊಂಡಿತು. “ಕಿಡ್ನಿನಾ? ಬರೀ ಹೊಟ್ಟೆ ಕೆಡತ್ತೆ ಅಂದ್ಕೊಂಡಿದ್ದೆ…”

“ಏನು ಅಂತ ಕೇಳ್ದೆ.”

“ಒಣದ್ರಾಕ್ಷಿ. ಶುಕ್ರವಾರ ಒಂದು ಹಿಡಿ, ಶನಿವಾರ ಒಂದು ಹಿಡಿ.”

ಮೇಡಂ ಫೋನ್ ಹಚ್ಚಿ ಅವನ ಕೈಗೇ ತುರುಕಿದರು. ಬಿಕ್ಕುತ್ತಲೇ ಅವನು ವೈದ್ಯರಿಗೆ ಎಲ್ಲವನ್ನೂ ಹೇಳಿದ. ಆ ಕಡೆಯಿಂದ ವೈದ್ಯರು ಕೂಗಿದ್ದು ಎಲ್ಲರಿಗೂ ಕೇಳಿಸಿತು: “ದ್ರಾಕ್ಷಿ ಹಸಿಯಾದ್ರೂ ಒಣಗಿದ್ದಾದ್ರೂ ನಾಯಿಗೆ ವಿಷ ಕಣಯ್ಯಾ!” ಸಂಜೆ ನಾಲ್ಕಕ್ಕೆ ಅವನ ಬಂಧನವಾಯಿತು.

ಹೇಳಿಕೆಯಲ್ಲಿ ಅವನು ಏನನ್ನೂ ಮುಚ್ಚಿಡಲಿಲ್ಲ. ಈರುಳ್ಳಿ, ಚಾಕೊಲೇಟ್ ಕೂಡದೆಂದು ತರಬೇತಿಯಲ್ಲಿ ಕಲಿತಿದ್ದ, ಅವೆರಡನ್ನೂ ಮುಟ್ಟಿರಲಿಲ್ಲ. ತಾನೇ ದಿನಾ ತಿನ್ನುವ ಒಣದ್ರಾಕ್ಷಿಯಿಂದ ಭೇದಿಯಾದೀತು, ಅಷ್ಟೇ ಎಂದು ನಂಬಿದ್ದ. ಬರುವ ಬುಧವಾರ ಚೂಟಿಯ ದೈಹಿಕ ಪರೀಕ್ಷೆ. ಪಾಸಾದರೆ ಅದು ಬೇರೆ ಊರಿಗೆ, ಬೇರೆಯವನ ಕೈಗೆ. ಫೇಲಾದರೆ ನಿವೃತ್ತಿ, ಆಗ ಸಾಕಿದವನು ಮನೆಗೆ ಕರೆದುಕೊಂಡು ಹೋಗಬಹುದು. ಮಗಳ ಮಂಚದ ಪಕ್ಕ ಹಳೇ ಕಂಬಳಿ ಹಾಸಿ ಜಾಗವನ್ನೂ ಮಾಡಿಟ್ಟಿದ್ದ. ಇಂಥ ಪ್ರೀತಿಗೆ ಏನನ್ನಬೇಕೋ ಮೇಡಂಗೆ ತೋಚಲಿಲ್ಲ. ಸಿಟ್ಟಂತೂ ನೆತ್ತಿಗೇರಿತ್ತು, ಆದರೂ ಹೇಳಿಕೆಯಲ್ಲಿ ಆ ಕಂಬಳಿಯ ಸಾಲನ್ನು ಬಿಡದೆ ಬರೆಸಿದರು.

ಮರುದಿನ ಬೆಳಗ್ಗೆ, ಅವನನ್ನು ಕೋರ್ಟಿಗೆ ಕರೆದೊಯ್ಯುವ ಮೊದಲೇ, ಮತ್ತೆ ವೈದ್ಯರ ಫೋನು.

“ಕಿಡ್ನಿ ಸುಧಾರಿಸ್ತಾ ಇದೆ ಮೇಡಂ. ಆದ್ರೆ ಉಪ್ಪು, ಈರುಳ್ಳಿ ಏನೂ ಹಾಕದೆ ಕೋಳಿ ಬೇಯಿಸಿಟ್ಟಿದ್ದೀವಿ, ಯಾರು ಕೊಟ್ರೂ ಮುಖ ತಿರುಗಿಸ್ತಾಳೆ. ಹೊಟ್ಟೆಗೆ ಬೀಳದಿದ್ರೆ ನಾನು ಮಾಡಿದ್ದೆಲ್ಲ ನೀರಲ್ಲಿ ಹೋಮ.”

ಮೇಡಂ ನಾಯಿಯನ್ನು, ಶ್ವಾನದಳವನ್ನು, ಇಡೀ ಇಲಾಖೆಯನ್ನು ಒಟ್ಟಿಗೆ ಬೈದು, ಲಾಕಪ್ಪಿನ ಬೀಗ ತೆಗೆಸಿದರು.

“ಕೋಳ ಹಾಕ್ಲಾ ಮೇಡಂ?” ಎಂದ ದಫೇದಾರ.

“ಕೋಳ ಹಾಕಿದ್ರೆ ಅವನು ತಿನ್ನಿಸೋದು ಹೇಗ್ರೀ? ಜೀಪ್ ತೆಗೀರಿ.”