ಕೊಂಡಿ ಹಾಕಿ ಹೋದ ನಾಯಿ

ಮಾನ್ಯ ವಾಚಕ ಮಹಾಶಯರೇ, ಹೆಣ ಬೀಳದ ಪ್ರಕರಣ ಪ್ರಕರಣವೇ ಅಲ್ಲವೆಂದು ತಾವು ಬಗೆಯುವಿರಾದರೆ, ವಿನಯಪೂರ್ವಕವಾಗಿ ಅಸಮ್ಮತಿ ಸೂಚಿಸಬೇಕಾಗಿದೆ. ಇಲ್ಲಿ ಹಾಳಾದದ್ದು ಒಂದು ಬಿಳಿ ಬಟ್ಟೆ ಮಾತ್ರ, ನಿಜ. ಆದರೆ ಮಧ್ಯಾಹ್ನದೊಳಗೆ ಅಪರಾಧಿ ಸಿಗದಿದ್ದರೆ ಒಂದು ಮೂಕಪ್ರಾಣಿ ಮನೆ ಕಳೆದುಕೊಳ್ಳುವುದರಲ್ಲಿತ್ತು.

ತಂಗಿಯ ಕೂಗು ಕೇಳಿ, ಹಲ್ಲುಜ್ಜುತ್ತಿದ್ದ ಅಣ್ಣ ಹಾಗೆಯೇ ಮುಂಗೋಣೆಗೆ ಬಂದ. ಹೊಲಿಗೆ ಅವಳ ಕಸುಬು. ಕತ್ತರಿಸಲೆಂದು ಗಿರಾಕಿಯ ಬಟ್ಟೆಯನ್ನು ನೆಲದ ಮೇಲೆ ಹಾಸಿ, ಒಲೆಯತ್ತ ಹೋಗಿ ಬರುವಷ್ಟರಲ್ಲಿ, ಹಾಲಿನಂಥ ಬಟ್ಟೆಯ ಉದ್ದಕ್ಕೂ ಕೆಸರಿನ ಹೆಜ್ಜೆಗಳು!

"ಪಕ್ಕದ ಮನೆ ನರ್ಸಮ್ಮನ ನಾಯಿ. ಇನ್ಯಾರು?" ಎಂದಳು. "ದಿನಾ ಬೀದಿ ಸುತ್ತುತ್ತೆ. ಹೇಳಿ ಹೇಳಿ ಬಾಯಿ ನೋವು ಬಂತು." ಅಲ್ಲೇ ನಿಂತು ಪುರಸಭೆಗೆ ಫೋನ್ ಮಾಡಿ ಇಟ್ಟಳು. "ಮಧ್ಯಾಹ್ನ ವ್ಯಾನ್ ಬಂದು ಎತ್ಕೊಂಡು ಹೋಗುತ್ತೆ."

ಅವಳ ಮಾವ, ರೈಲ್ವೆ ಗೇಟ್ ಕಾಯುತ್ತಲೇ ತಲೆ ನೆರೆಸಿಕೊಂಡವರು, ಬಟ್ಟೆಯತ್ತ ಬಾಗಿದರು.

"ಚೊಕ್ಕವಾಗೇ ಇದೆಯಲ್ಲಮ್ಮ. ಪಾಪ, ಬಿಟ್ಟುಬಿಡು."

"ನೀವು ಯಾವಾಗಲೂ ಅದರ ಪಕ್ಷವೇ ಮಾವ."

ಅಣ್ಣ ಮಂಡಿಯೂರಿ ಕುಳಿತ. ಊರೂರು ತಿರುಗಿ ಸೂಜಿ, ದಾರ ಮಾರುವ ಅವನು ಬಸ್ ನಿಲ್ದಾಣಗಳಲ್ಲಿ ಓದಿದ ಪತ್ತೇದಾರಿ ಪುಸ್ತಕಗಳಿಗೆ ಲೆಕ್ಕವಿರಲಿಲ್ಲ. ಪ್ರತಿ ಹೆಜ್ಜೆಯ ಬೆರಳುಗಳೂ ಬೀದಿಬಾಗಿಲ ಕಡೆಗೇ ಇದ್ದವು. ಅವನು ಎದ್ದು ಹಿಂಬಾಗಿಲವರೆಗೆ ಹೋಗಿಬಂದ.

"ಶುರುವಾಯ್ತಾ ನಿನ್ನ ತನಿಖೆ?" ತಂಗಿ ಮೂತಿ ತಿರುಗಿಸಿದಳು. "ಊರು ಸುತ್ತೋರಿಗೆ ಊರು ಸುತ್ತೋರ ಮೇಲೇ ಅಕ್ಕರೆ."

ಪಕ್ಕದ ಮನೆಯಲ್ಲಿ ನರ್ಸಮ್ಮ ರಾತ್ರಿ ಪಾಳಿಯ ನಿದ್ದೆಗಣ್ಣಿನಲ್ಲೇ ಬಾಗಿಲು ತೆರೆದಳು. ವ್ಯಾನಿನ ಸುದ್ದಿ ಕೇಳಿ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟಳು.

"ನನಗಿರೋದು ಅದೊಂದೇ ಜೀವ ಅಣ್ಣ."

"ಗೇಟಿನ ಕೊಂಡಿ ಹಾಕೋದು ಮರೀತೀರಾ?"

"ಇಲ್ಲವಲ್ಲ. ಹಾಕಿ, ಎಳೆದು ನೋಡಿ ಮಲಗ್ತೀನಿ."

"ಎದ್ದಾಗ ತೆಗೆದಿರುತ್ತಾ?"

"ಅದೇ ವಿಚಿತ್ರ. ಕೊಂಡಿ ಹಾಕಿದ ಹಾಗೇ ಇರುತ್ತೆ — ನಾಯಿ ಮಾತ್ರ ಹೊರಗಿರುತ್ತೆ."

"ಹಾರುತ್ತೋ?"

"ಕುಂಟುಗಾಲು. ಮೆಟ್ಟಿಲು ಹತ್ತೋದೇ ಕಷ್ಟ."

"ಇವತ್ತು ನಮ್ಮನೆಗೆ ಬಂತಲ್ಲ?"

"ನಿಮ್ಮ ಬೀದಿಬಾಗಿಲ ಎತ್ತರದ ಮೆಟ್ಟಿಲು ಹತ್ತಲಾರದು," ಎಂದವಳು ತಡವರಿಸಿದಳು. "ಇಳಿಯೋದಾದ್ರೆ ಹೇಗೋ ಇಳೀತದೆ."

ಅಣ್ಣ ಆಕೆಯನ್ನೂ ಕರೆದುಕೊಂಡು ಮನೆಗೆ ಬಂದ. ಮಾವ ಕಿಟಕಿಯ ಬಳಿ ಕುಳಿತಿದ್ದರು. ನಾಯಿ ಎಲ್ಲಿಂದಲೋ ಬಂದು ಹೊರಗೆ, ಆ ಕಿಟಕಿಯ ಕೆಳಗೇ ಮಲಗಿತ್ತು.

"ಸಿಕ್ಕನಾ ನಿನ್ನ ಅಪರಾಧಿ?" ತಂಗಿ ಕೇಳಿದಳು. "ವ್ಯಾನ್ ಬರೋ ಹೊತ್ತಾಗ್ತಾ ಬಂತು."

"ಸಿಕ್ಕ. ನಾವೆಲ್ಲ ಹೊರಗೆ ಹೋದ ನಾಯಿಯನ್ನೇ ನೋಡಿದ್ವಿ. ಮುಚ್ಚಿದ ಗೇಟನ್ನು ಯಾರೂ ನೋಡಲಿಲ್ಲ. ನಾಯಿ ಗೇಟು ತೆಗೆದೀತು ಅಂತಲೇ ಇಟ್ಕೊಳ್ಳೋಣ. ತಿರುಗಿ ಕೊಂಡಿ ಹಾಕಿ ಹೋಗುತ್ತಾ?"

"ಕಳ್ಳನಾದರೂ ಹಾಕೋದಿಲ್ಲ," ಎಂದಳು ತಂಗಿ.

"ಹಾಕೋದಿಲ್ಲ. ತೆಗೆದ ಗೇಟನ್ನು ಮುಚ್ಚದೆ ಒಂದು ಹೆಜ್ಜೆ ಮುಂದೆ ಇಡಲಾರದವರು ಒಬ್ಬರೇ. ಆಯುಷ್ಯವೆಲ್ಲ ಆ ಕೆಲಸದಲ್ಲೇ ಸವೆಸಿದವರು. ಹಿಂಬಾಗಿಲಲ್ಲಿ ಅವರ ಚಪ್ಪಲಿಗೆ ಹಸಿ ಕೆಸರು ಮೆತ್ತಿದೆ. ಪಕ್ಕದಲ್ಲೇ ನಾಯಿಯ ಹೆಜ್ಜೆ. ನಾಯಿ ಬೀದಿಯಿಂದ ಒಳಗೆ ಬಂದಿಲ್ಲ, ಹಿಂದಿನಿಂದ ಅವರ ಜೊತೆ ಬಂದು ಬೀದಿಗೆ ಇಳಿದಿದೆ."

ಮಾವ ಊರುಗೋಲನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದರು.

"ಆದರೆ ಯಾಕೆ?" ನರ್ಸಮ್ಮ ಕೇಳಿದಳು.

"ಇಷ್ಟು ಕೆಸರಿದ್ದ ಬಟ್ಟೆಯನ್ನು ನೋಡಿ ಚೊಕ್ಕವಾಗಿದೆ ಅಂದರು," ಎಂದ ಅಣ್ಣ, ಮೆಲ್ಲಗೆ. "ಅದು ಕನಿಕರದ ಮಾತಲ್ಲ. ಅವರಿಗೆ ಕಾಣಲಿಲ್ಲ."

"ಮಂಜು ಕವಿದ ಹಾಗಿದೆಯಪ್ಪ," ಎಂದರು ಮಾವ. "ಗೋಡೆ ಹಿಡಿದು ಆ ಗೇಟಿನ ತನಕ ಹೋಗ್ತೀನಿ. ಆಮೇಲೆ ನಾಯಿಯ ಕೊರಳಪಟ್ಟಿ ಹಿಡ್ಕೊಂಡ್ರೆ ಸಾಕು, ಊರೆಲ್ಲ ಸುತ್ತಿಸಿ ತರುತ್ತೆ. ನಾನೂ ಮೆಲ್ಲಗೆ, ಅದೂ ಮೆಲ್ಲಗೆ."

"ನನಗೆ ಹೇಳಬಾರದಿತ್ತಾ ಮಾವ?"

"ಹೇಳಿದ್ರೆ ಹೊಸ್ತಿಲು ದಾಟೋಕೆ ಬಿಡ್ತಿದ್ಯಾ? ನಾಯಿ ಜೊತೆ ಮುಂಬಾಗಿಲಿಗೆ ಬಂದ್ರೆ ನೀನು ಮಿಷನ್ ಮುಂದೆ ಕೂತಿರ್ತೀಯ. ಅದಕ್ಕೇ ಹಿಂದಿನ ಓಣಿಯಿಂದ ಬರ್ತಿದ್ದೆ. ಅದನ್ನ ಅದರ ಮನೆಗೆ ಬಿಟ್ಟು ಬರೋಣ ಅಂದ್ರೆ, ಓಣಿ ಸುತ್ತಿ ವಾಪಸ್ ಬರೋಕೆ ನನಗೆ ದಾರಿ ತೋರೋರು ಯಾರು? ಗೇಟು ಮುಚ್ಚಿದ್ದೇ ತಪ್ಪಾಯ್ತು. ಪಾಪ, ಒಳಗೆ ಹೋಗೋಕೆ ಆಗದೆ ಬೀದಿ ಪಾಲಾಯ್ತು."

ನರ್ಸಮ್ಮ ಅವರ ಗಲ್ಲ ಹಿಡಿದು ಬೆಳಕಿನತ್ತ ತಿರುಗಿಸಿದಳು. "ಕಣ್ಣಿಗೆ ಪೊರೆ ಬಂದ ಹಾಗಿದೆ ತಾತ. ನಾಳೆ ನನ್ನ ಜೊತೆ ಆಸ್ಪತ್ರೆಗೆ ಬನ್ನಿ, ಡಾಕ್ಟರು ನೋಡಲಿ. ಗೇಟು ತೆಗೆಯೋ ಮೊದಲು ನನ್ನ ಬಾಗಿಲು ಬಡೀಬಾರದಿತ್ತಾ?"

"ರಾತ್ರಿಯೆಲ್ಲ ನಿಂತು ದುಡಿದವಳನ್ನ ಎಬ್ಬಿಸೋದಾ? ರಾತ್ರಿ ಪಾಳಿ ಏನು ಅಂತ ನನಗೆ ಗೊತ್ತಮ್ಮ."

ತಂಗಿ ಪುರಸಭೆಗೆ ಫೋನ್ ಮಾಡಿ, ವ್ಯಾನ್ ಬೇಡವೆಂದಳು. ನಂತರ ಕತ್ತರಿ ತೆಗೆದುಕೊಂಡು, ಕೆಸರಾದ ಬಟ್ಟೆಯಿಂದ ಉದ್ದನೆಯ ಪಟ್ಟಿಯೊಂದನ್ನು ಸೀಳಿ, ನಾಲ್ಕು ಮಡಿಕೆ ಮಾಡಿ ಮಿಷನ್ನಿಗೆ ಕೊಟ್ಟಳು. ಒಂದು ತುದಿ ನಾಯಿಯ ಕೊರಳಿಗೆ, ಇನ್ನೊಂದು ಮಾವನ ಮುಷ್ಟಿಗೆ.

"ಬಗ್ಗಿ ನಡೆದು ಸೊಂಟ ಹಿಡ್ಕೋಬಾರದು," ಎಂದಳು, ಮುಖ ನೋಡದೆ. "ಇನ್ನು ಮುಂಬಾಗಿಲಿಂದಲೇ ಬನ್ನಿ. ಮೆಟ್ಟಿಲ ಹತ್ತಿರ ಕೂಗಿ, ನಾನು ಬರ್ತೀನಿ."

ಅಣ್ಣ ಸೂಜಿಯ ಪೊಟ್ಟಣ, ದಾರದ ಉಂಡೆಗಳನ್ನು ಪೆಟ್ಟಿಗೆಗೆ ತುಂಬಿದ. ಇನ್ನೆರಡು ದಿನ ಇರೆಂದು ತಂಗಿ ಹೇಳಿದಳು. ಕಾಲಿಗೆ ಚಕ್ರ ಕಟ್ಟಿಕೊಂಡವನು ಎಲ್ಲಿ ನಿಂತಾನು? ಪೆಟ್ಟಿಗೆ ಹೆಗಲಿಗೇರಿಸಿ, ಪಕ್ಕದ ಗೇಟು ತೆಗೆದು ನರ್ಸಮ್ಮನಿಗೂ ಹೇಳಿ, ಬೀದಿಗಿಳಿದು, ತಿರುವಿನವರೆಗೂ ನಡೆದಿದ್ದ.

"ಅಪ್ಪಾ," ಹಿಂದಿನಿಂದ ಮಾವನ ದನಿ ಕೇಳಿಸಿತು. "ಕೊಂಡಿ ಬಿದ್ದ ಸದ್ದೇ ಕೇಳಲಿಲ್ಲವಲ್ಲ."

ಪತ್ತೇದಾರ ನಾಲಿಗೆ ಕಚ್ಚಿಕೊಂಡು ಹಿಂದಿರುಗಿ ಬಂದು, ಗೇಟು ಮುಚ್ಚಿ, ಒಮ್ಮೆ ಎಳೆದು ನೋಡಿ, ಹೊರಟ.